ಗಂಡಸರು ಹೇಳಿಕೊಳ್ಳದ ಸೋರಿಕೆ

ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರನ್ನು ನೋಡಲು ಬರುವ ಬಂಧುಗಳು ಸಾಮಾನ್ಯವಾಗಿ ಒಂದೇ ಮಾತು ಹೇಳುತ್ತಾರೆ: 'ಬೇರು ಸಮೇತ ಕಿತ್ತು ಹಾಕಿದ್ದಾರಂತೆ, ಇನ್ನೇನು ಭಯ?' ಬಹಳಷ್ಟು ಮಂದಿಯ ವಿಷಯದಲ್ಲಿ ಈ ಮಾತು ನಿಜವೂ ಆಗುತ್ತದೆ. ಆದರೆ ಕೆಲವರಿಗೆ ಒಂದೆರಡು ವರ್ಷಗಳ ನಂತರ, ರಕ್ತಪರೀಕ್ಷೆಯ ಚೀಟಿಯಲ್ಲಿ ದಶಮಾಂಶ ಬಿಂದುವಿನ ಬಲಗಡೆಯ ಅಂಕಿ ಮೆಲ್ಲಗೆ ಏರತೊಡಗುತ್ತದೆ. ಆಗ ವೈದ್ಯರು ಎರಡನೆಯ ಚಿಕಿತ್ಸೆಯ ಮಾತೆತ್ತುತ್ತಾರೆ. ಅದು ವಿಕಿರಣ ಚಿಕಿತ್ಸೆ. ಜನರ ಬಾಯಲ್ಲಿ 'ಕರೆಂಟ್ ಕೊಡಿಸುವುದು'. ಕ್ಯಾನ್ಸರನ್ನು ಪೂರ್ತಿ ಗುಣಪಡಿಸಲು ಉಳಿದಿರುವ ಇನ್ನೊಂದು ಅವಕಾಶ ಇದೆಂಬುದನ್ನು ಎಲ್ಲರೂ ಹೇಳುತ್ತಾರೆ. ಅದಾದ ಮೇಲೆ ಮೂತ್ರದ ಗತಿ ಏನಾಗುತ್ತದೆ ಎಂಬುದನ್ನು ಮಾತ್ರ ಯಾರೂ ಬಿಡಿಸಿ ಹೇಳುವುದಿಲ್ಲ.

ಈ ಲೇಖನವನ್ನು ನಾನು ವೈದ್ಯನಾಗಿ ಬರೆಯುತ್ತಿಲ್ಲ. ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಹೇಳಿ ನಿವೃತ್ತನಾದವನು ನಾನು. 2021ರಲ್ಲಿ ನನ್ನ ಪ್ರಾಸ್ಟೇಟ್ ಗ್ರಂಥಿಯನ್ನು ತೆಗೆದರು. 2023ರಲ್ಲಿ ವಾರಕ್ಕೆ ಐದು ದಿನದಂತೆ ಮೂವತ್ತಮೂರು ದಿನ ವಿಕಿರಣ ಕೊಟ್ಟರು. ಚಿಕಿತ್ಸೆ ನೀಡಿದ ವೈದ್ಯರ ಕೌಶಲದ ಬಗ್ಗೆ ನನಗೆ ಯಾವ ದೂರೂ ಇಲ್ಲ. ಆದರೆ ಸಹಿ ಹಾಕಲು ಮುಂದಿಟ್ಟ ಇಂಗ್ಲಿಷ್ ಒಪ್ಪಿಗೆ ಪತ್ರದ ಆರು ಪುಟಗಳಲ್ಲಿ ಮೂತ್ರದ ತೊಂದರೆಗೆಂದು ಮೀಸಲಾಗಿದ್ದದ್ದು ಒಂದೂವರೆ ಸಾಲು. ಹಣ ಪಾವತಿಯ ನಿಯಮಗಳಿಗೆ ಅದರಲ್ಲಿ ಒಂದೂವರೆ ಪುಟವಿತ್ತು.

ಶರೀರದ ಈ ಭಾಗದ ರಚನೆಯನ್ನು ತಿಳಿಯದೆ ಮುಂದಿನದು ಅರ್ಥವಾಗದು. ಪ್ರಾಸ್ಟೇಟ್ ಮೂತ್ರಕೋಶದ ಕೆಳಗೆ, ಮೂತ್ರನಾಳವನ್ನು ಉಂಗುರದಂತೆ ಸುತ್ತಿಕೊಂಡಿರುವ ಒಂದು ಸಣ್ಣ ಗ್ರಂಥಿ. ಮೂತ್ರವನ್ನು ತಡೆದು ಹಿಡಿಯಲು ಪ್ರಕೃತಿ ಗಂಡಸಿಗೆ ಎರಡು ಬಾಗಿಲು ಕೊಟ್ಟಿದೆ. ಒಂದು ಮೂತ್ರಕೋಶದ ಕತ್ತಿನಲ್ಲಿರುವ ಒಳಬಾಗಿಲು, ಇನ್ನೊಂದು ಗ್ರಂಥಿಯ ಕೆಳತುದಿಯಲ್ಲಿರುವ ಹೊರಬಾಗಿಲು. ಗ್ರಂಥಿಯನ್ನು ಪೂರ್ತಿ ತೆಗೆಯುವಾಗ ಒಳಬಾಗಿಲು ಬಹುತೇಕ ಹೋಗಿಬಿಡುತ್ತದೆ. ಶಸ್ತ್ರಚಿಕಿತ್ಸಕರು ಮೂತ್ರಕೋಶದ ಬಾಯನ್ನು ಕೆಳಗೆಳೆದು ಮೂತ್ರನಾಳದ ತುದಿಗೆ ಹೊಲಿಯುತ್ತಾರೆ. ಅಂದಿನಿಂದ ಕೆಮ್ಮಿದರೂ ಸೀನಿದರೂ ಭಾರ ಎತ್ತಿದರೂ ಇಡೀ ಒತ್ತಡವನ್ನು ತಾಳಬೇಕಾದದ್ದು ಹೊರಬಾಗಿಲು ಒಂದೇ. ಅದು ತನ್ನ ಹೊಸ ಹೊಣೆಗೆ ಹೊಂದಿಕೊಳ್ಳಲು ಕೆಲವರಿಗೆ ವಾರಗಳು, ಹಲವರಿಗೆ ತಿಂಗಳುಗಳು, ಕೆಲವರಿಗೆ ಒಂದು ವರ್ಷವೇ ಬೇಕಾಗುತ್ತದೆ. 1982ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಪ್ಯಾಟ್ರಿಕ್ ವಾಲ್ಶ್ ನರಗಳನ್ನು ಉಳಿಸುವ ಶಸ್ತ್ರಚಿಕಿತ್ಸೆಯನ್ನು ಆರಂಭಿಸಿದ ಮೇಲೆ ಪರಿಸ್ಥಿತಿ ಎಷ್ಟೋ ಸುಧಾರಿಸಿದೆ. ಈಗಂತೂ ರೋಬೊ ಕೈಗಳು ಬಂದಿವೆ. ಆದರೂ ಸೋರಿಕೆ ಪೂರ್ತಿ ಇಲ್ಲವಾಗಿಲ್ಲ.

ಗ್ರಂಥಿಯೇ ಹೋದ ಮೇಲೆ ಅದು ಸ್ರವಿಸುವ ಪಿಎಸ್‌ಎ ಎಂಬ ಪ್ರೋಟೀನು ರಕ್ತದಲ್ಲಿ ಕಾಣಬಾರದು. ಒಂದು ಮಿಲಿಲೀಟರಿಗೆ 0.2 ನ್ಯಾನೋಗ್ರಾಂ ತಲುಪಿ, ಮತ್ತೊಮ್ಮೆ ಪರೀಕ್ಷಿಸಿದಾಗಲೂ ಏರಿಕೆ ಖಚಿತವಾದರೆ ಕ್ಯಾನ್ಸರ್ ಎಲ್ಲೋ ಮರಳಿದೆ ಎಂದು ಲೆಕ್ಕ. ನನ್ನದು 0.08, 0.14, 0.23 ಎಂದು ಏರಿತ್ತು. ಈ ಹಂತದಲ್ಲಿ ಸ್ಕ್ಯಾನಿಂಗಿನಲ್ಲಿ ಏನೂ ಕಾಣದಿರುವುದೇ ಹೆಚ್ಚು. ಗ್ರಂಥಿ ಇದ್ದ ಜಾಗದಲ್ಲಿ ಒಂದಿಷ್ಟು ಕೋಶಗಳು ಉಳಿದಿರಬಹುದು ಎಂಬ ಅಂದಾಜಿನ ಮೇಲೆ ಆ ಜಾಗಕ್ಕೆ ವಿಕಿರಣ ಹಾಯಿಸುತ್ತಾರೆ. ಒಟ್ಟು ಪ್ರಮಾಣ ಸಾಮಾನ್ಯವಾಗಿ 64ರಿಂದ 72 ಗ್ರೇ. ನನಗೆ ಕೊಟ್ಟದ್ದು 66.

ಇಲ್ಲಿಯೇ ತೊಡಕು ಇರುವುದು. ಗ್ರಂಥಿ ಇದ್ದ ಜಾಗ ಬರಿದಾಗಿ ಉಳಿದಿರುವುದಿಲ್ಲ. ಮೂತ್ರಕೋಶ ಅಲ್ಲಿಗೆ ಇಳಿದು ಕೂತಿರುತ್ತದೆ. ಹೊಲಿಗೆ ಹಾಕಿದ ಕೂಡುಸ್ಥಳವೂ ಅಲ್ಲಿಯೇ ಇದೆ. ಕ್ಯಾನ್ಸರ್ ಮರಳಿ ತಲೆಯೆತ್ತುವ ಸಾಧ್ಯತೆ ಅತಿ ಹೆಚ್ಚಾಗಿರುವುದೂ ಆ ಕೂಡುಸ್ಥಳದ ಆಸುಪಾಸಿನಲ್ಲೇ. ಹೀಗಾಗಿ ಮೂತ್ರಕೋಶದ ಕತ್ತನ್ನು ಬಿಟ್ಟು ಗುರಿಯಿಡಲು ಎಂಥ ನಿಪುಣ ಯಂತ್ರಕ್ಕೂ ಆಗುವುದಿಲ್ಲ, ಏಕೆಂದರೆ ಅದೇ ಗುರಿ. ಒಂದು ಬಾಗಿಲು ಕಳೆದುಕೊಂಡು, ಹೊಲಿಗೆಯ ಗಾಯ ಮಾಗಿಸಿಕೊಂಡು, ಇರುವ ಒಂದೇ ಬಾಗಿಲಿನಿಂದ ಹೇಗೋ ಸಂಸಾರ ನಡೆಸುತ್ತಿರುವ ಜಾಗದ ಮೇಲೆ ವಿಕಿರಣ ಬೀಳುತ್ತದೆ. ಶಸ್ತ್ರಚಿಕಿತ್ಸೆಯಿಲ್ಲದೆ ನೇರವಾಗಿ ವಿಕಿರಣ ಪಡೆದವರ ಅನುಭವಕ್ಕೂ, ಶಸ್ತ್ರಚಿಕಿತ್ಸೆಯ ನಂತರ ಪಡೆದವರ ಅನುಭವಕ್ಕೂ ಇರುವ ಅಂತರದ ಮೂಲ ಇದು. ಬ್ರಿಟನ್ನಿನ 'ಪ್ರೊಟೆಕ್ಟ್' ಅಧ್ಯಯನದಲ್ಲಿ, ಚಿಕಿತ್ಸೆಯಾಗಿ ಏಳರಿಂದ ಹನ್ನೆರಡು ವರ್ಷ ಕಳೆದ ಮೇಲೂ ಶಸ್ತ್ರಚಿಕಿತ್ಸೆಯ ಗುಂಪಿನಲ್ಲಿ ಪ್ಯಾಡ್ ಬಳಸುತ್ತಿದ್ದವರು ಶೇ 18ರಿಂದ 24. ವಿಕಿರಣದ ಗುಂಪಿನಲ್ಲಿ ಶೇ 3ರಿಂದ 8 ಮಾತ್ರ. ಈ ಎರಡನೆಯ ಅಂಕಿಯನ್ನು ತೋರಿಸಿ, ಶಸ್ತ್ರಚಿಕಿತ್ಸೆ ಆಗಿಹೋದವನಿಗೆ 'ವಿಕಿರಣದಿಂದ ಸೋರಿಕೆ ಕಡಿಮೆ' ಎಂದು ಸಮಾಧಾನ ಹೇಳುವುದು ಸರಿಯಲ್ಲ.

ವಿಕಿರಣ ಎಂದೊಡನೆ ನಮ್ಮ ಜನ 'ಉಷ್ಣ' ಎನ್ನುತ್ತಾರೆ. ಮೂತ್ರ ಉರಿದರೆ ಸಾಕು, ಎಳನೀರು, ಬಾರ್ಲಿ ಗಂಜಿ, ಕೊತ್ತಂಬರಿ ಬೀಜದ ಕಷಾಯ ಸಾಲುಗಟ್ಟಿ ಬರುತ್ತವೆ. ಹಳೆಯ ಮೇಷ್ಟರಾದ ನಾನು ಒಂದು ಲೆಕ್ಕ ಹೇಳದೆ ಇರಲಾರೆ. ಒಂದು ಗ್ರೇ ಎಂದರೆ ಒಂದು ಕಿಲೋಗ್ರಾಂ ದ್ರವ್ಯಕ್ಕೆ ಒಂದು ಜೌಲ್ ಶಕ್ತಿ. ಆರೂವರೆ ವಾರದಲ್ಲಿ ಕೊಟ್ಟ 66 ಗ್ರೇಯನ್ನು ಒಂದೇ ಕ್ಷಣದಲ್ಲಿ ನೀರಿಗೆ ಸುರಿದರೂ ಅದರ ಉಷ್ಣತೆ ಒಂದು ಡಿಗ್ರಿಯ ಅರವತ್ತನೆಯ ಒಂದು ಪಾಲಿನಷ್ಟೂ ಏರುವುದಿಲ್ಲ. ಉರಿಗೆ ಕಾರಣ ಶಾಖವಲ್ಲ. ವಿಕಿರಣ ಕೋಶಗಳ ಡಿಎನ್‌ಎ ಎಳೆಗಳನ್ನು ಕತ್ತರಿಸುತ್ತದೆ. ಮೂತ್ರಕೋಶದ ಒಳಪದರದ ಕೋಶಗಳೂ ಏಟು ತಿನ್ನುತ್ತವೆ, ಪದರ ಊದಿಕೊಂಡು ಕೆಂಪಾಗುತ್ತದೆ. ಎಳನೀರಿನಿಂದ ಹಾನಿಯೇನಿಲ್ಲ, ಮೂತ್ರ ತಿಳಿಯಾಗಿ ಉರಿ ತುಸು ತಗ್ಗಲೂಬಹುದು. ಆದರೆ ಉಷ್ಣ ಇಳಿಸುವ ಭರದಲ್ಲಿ ಕಾರಣವನ್ನೇ ಮರೆತು, ಸೋಂಕು ಇದೆಯೇ ಎಂದು ಮೂತ್ರ ಪರೀಕ್ಷೆ ಮಾಡಿಸದೆ ಕೂರುವುದು ತಪ್ಪು.

ಮೊದಲ ಎರಡು ವಾರ ಏನೂ ಆಗುವುದಿಲ್ಲ. ಬಳಿಕ ಒಂದೊಂದಾಗಿ ಆರಂಭ. ಗಂಟೆಗೊಮ್ಮೆ ಹೋಗಬೇಕೆನ್ನಿಸುವುದು, ಹೋದಾಗ ಉರಿ, ಹೋಗಿಬಂದ ಮೇಲೂ ಇನ್ನೂ ಉಳಿದಿದೆ ಎಂಬ ಭಾವನೆ, ರಾತ್ರಿ ನಾಲ್ಕೈದು ಸಲ ಏಳುವುದು. ಎಲ್ಲಕ್ಕಿಂತ ಕೆಟ್ಟದ್ದು ಅವಸರ. ಬಂತು ಎನ್ನಿಸಿದ ಮೇಲೆ ಬಚ್ಚಲಿನವರೆಗೆ ನಡೆಯುವಷ್ಟು ಕಾಲಾವಕಾಶವೂ ಸಿಗುವುದಿಲ್ಲ. ಒಳಬಾಗಿಲು ಇರುವವನು ಹಲ್ಲುಕಚ್ಚಿ ತಡೆದಾನು. ನನ್ನಂಥವರಿಗೆ ಆ ಅನುಕೂಲವಿಲ್ಲ. ಇದರ ನಡುವೆ ಒಂದು ಕ್ರೂರ ವಿನೋದವೂ ಇದೆ. ವಿಕಿರಣ ಹಾಯಿಸುವ ಮುನ್ನ ಮೂತ್ರಕೋಶ ತುಂಬಿರಬೇಕು. ತುಂಬಿದ್ದರೆ ಅದರ ಮೇಲ್ಭಾಗ ಕಿರಣದ ಹಾದಿಯಿಂದ ಆಚೆ ಸರಿಯುತ್ತದೆ, ಸಣ್ಣ ಕರುಳೂ ಪಕ್ಕಕ್ಕೆ ಹೋಗುತ್ತದೆ, ದಿನದಿನವೂ ಒಳಗಿನ ಚಿತ್ರ ಒಂದೇ ತೆರನಾಗಿರುತ್ತದೆ. ಆದ್ದರಿಂದ ಅರ್ಧ ಲೀಟರ್ ನೀರು ಕುಡಿದು ಮುಕ್ಕಾಲು ಗಂಟೆ ಬೆಂಚಿನ ಮೇಲೆ ಕಾಯಬೇಕು. ಮೂತ್ರ ನಿಲ್ಲದವನಿಗೆ ನಿಲ್ಲಿಸಿಕೊಂಡು ಬಾ ಎನ್ನುವ ಚಿಕಿತ್ಸೆ ಇದು. ಯಂತ್ರ ಕೆಟ್ಟು ಸರದಿ ತಡವಾದ ದಿನ ಆ ಬೆಂಚಿನ ಮೇಲೆ ಕೂತವರ ಮುಖಗಳನ್ನು ನೋಡಬೇಕು. ಯಾರೂ ಒಬ್ಬರಿಗೊಬ್ಬರು ಏನೂ ಹೇಳುವುದಿಲ್ಲ. ಎಲ್ಲರಿಗೂ ಎಲ್ಲವೂ ಗೊತ್ತಿರುತ್ತದೆ. ತೀರಾ ಹಿಡಿಯಲಾಗದವರಿಗೆ ಮೂತ್ರಕೋಶ ಅರೆ ತುಂಬಿದ ಸ್ಥಿತಿಯಲ್ಲೇ ಯೋಜನೆ ಮಾಡಲು ಬರುತ್ತದೆ. ಆದರೆ ಅದನ್ನು ಮೊದಲ ಸ್ಕ್ಯಾನಿಂಗಿನ ದಿನವೇ ಬಾಯಿಬಿಟ್ಟು ಹೇಳಬೇಕು.

ಈ ಹಂತದ ಕಾಟ ಬಹುಮಂದಿಗೆ ಚಿಕಿತ್ಸೆ ಮುಗಿದ ಒಂದೂವರೆ ತಿಂಗಳೊಳಗೆ ತಗ್ಗುತ್ತದೆ. ಕಾಫಿ ಬಿಡುವುದು (ನಮ್ಮಂಥ ಹಳೇ ಮೈಸೂರಿನವರಿಗೆ ಇದು ಸಣ್ಣ ತ್ಯಾಗವಲ್ಲ), ನೀರನ್ನು ಹಗಲಲ್ಲೇ ಹಂಚಿ ಕುಡಿದು ಸಂಜೆಯ ನಂತರ ಕಡಿಮೆ ಮಾಡುವುದು, ಮೂತ್ರಕೋಶದ ಸೆಳೆತವನ್ನು ಶಮನಗೊಳಿಸುವ ಮಾತ್ರೆ, ಇವು ನೆರವಾಗುತ್ತವೆ. ಸೋರಿಕೆಯ ಭಯಕ್ಕೆ ನೀರನ್ನೇ ಬಿಡುವವರಿದ್ದಾರೆ. ಮೂತ್ರ ಗಟ್ಟಿಯಾದಷ್ಟೂ ಒಳಪದರ ಕೆರಳುತ್ತದೆ, ಅವಸರ ಹೆಚ್ಚುತ್ತದೆ.

ಇಷ್ಟಕ್ಕೆ ಕಥೆ ಮುಗಿದಿದ್ದರೆ ಲೇಖನ ಬರೆಯುವ ಅಗತ್ಯವಿರಲಿಲ್ಲ. ವಿಕಿರಣದ ಎರಡನೆಯ ಅಧ್ಯಾಯ ತಿಂಗಳುಗಳ, ಕೆಲವೊಮ್ಮೆ ವರ್ಷಗಳ ನಂತರ ತೆರೆಯುತ್ತದೆ. ಏಟು ತಿಂದ ಸಣ್ಣ ರಕ್ತನಾಳಗಳ ಒಳಗೋಡೆ ದಪ್ಪವಾಗಿ ನಿಧಾನಕ್ಕೆ ಮುಚ್ಚಿಕೊಳ್ಳುತ್ತದೆ. ರಕ್ತ ಸಾಲದ ಜಾಗದಲ್ಲಿ ಮೃದುವಾದ ಸ್ನಾಯುವಿನ ಬದಲು ನಾರು ಬೆಳೆಯುತ್ತದೆ. ರಬ್ಬರಿನಂತೆ ಹಿಗ್ಗುತ್ತಿದ್ದ ಮೂತ್ರಕೋಶ ತೊಗಲಿನಂತೆ ಬಿರುಸಾಗಿ, ಹಿಡಿಯುವ ಪ್ರಮಾಣ ಕುಗ್ಗುತ್ತದೆ. ಹೊರಬಾಗಿಲಿನ ಸ್ನಾಯುವೂ ಬಿಗಿತ ಕಳೆದುಕೊಳ್ಳಬಹುದು. ಕೂಡುಸ್ಥಳದ ಗಾಯದ ಕಲೆ ಕುಗ್ಗಿ ನಾಳ ಕಿರಿದಾದರೆ ಧಾರೆ ಸಣ್ಣದಾಗುತ್ತದೆ, ತಿಣುಕಬೇಕಾಗುತ್ತದೆ, ಕೆಲವೊಮ್ಮೆ ಪೂರ್ತಿ ಕಟ್ಟಿಕೊಳ್ಳುತ್ತದೆ. ಕಿರಿದಾದ ನಾಳವನ್ನು ಹಿಗ್ಗಿಸಿದರೆ ಸೋರಿಕೆ ಹೆಚ್ಚುವ ಸಂಭವ. ಹಿಗ್ಗಿಸದಿದ್ದರೆ ಮೂತ್ರ ಕಟ್ಟುವ ಭಯ. ಮುಚ್ಚಿದ ನಾಳಗಳಿಗೆ ಬದಲಾಗಿ ಹುಟ್ಟಿಕೊಳ್ಳುವ ಹೊಸ ರಕ್ತನಾಳಗಳು ಬಲು ದುರ್ಬಲ. ಅವು ಒಡೆದಾಗ ಮೂತ್ರ ಕೆಂಪಾಗುತ್ತದೆ. ಎಲ್ಲರಿಗೂ ಎಲ್ಲವೂ ಆಗುವುದಿಲ್ಲ ಎಂಬುದನ್ನು ಒತ್ತಿ ಹೇಳಬೇಕು. ಗಂಭೀರ ತೊಂದರೆಗೆ ಒಳಗಾಗುವವರು ಅಲ್ಪಸಂಖ್ಯಾತರೇ. ಆದರೆ ಅವರಿಗೆ ಇದು ಉಳಿದ ಆಯುಷ್ಯದ ಸಂಗಾತಿ.

ಮೂತ್ರದಲ್ಲಿ ರಕ್ತ ಕಂಡವರಿಗೆ ಒಂದು ಮಾತು. 'ವಿಕಿರಣದ ಪರಿಣಾಮ, ತಾನಾಗಿ ಹೋಗುತ್ತದೆ' ಎಂದು ಮನೆಯಲ್ಲೇ ತೀರ್ಮಾನಿಸಿಕೊಳ್ಳಬಾರದು. ಸೋಂಕು, ಕಲ್ಲು, ಮೂತ್ರಕೋಶದ ಕ್ಯಾನ್ಸರ್ ಇವು ಕೂಡ ಹೀಗೆಯೇ ಮುಖ ತೋರಿಸುತ್ತವೆ. ಒಳಗೆ ದರ್ಶಕ ಹಾಕಿ ನೋಡಿದ ಮೇಲೆಯೇ ವಿಕಿರಣವನ್ನು ದೂರಬೇಕು. ಹೃದಯದ ಕಾಯಿಲೆಗೆ ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿರುವವರು ಅದನ್ನು ವೈದ್ಯರಿಗೆ ತಿಳಿಸಬೇಕೇ ಹೊರತು ತಾವಾಗಿ ನಿಲ್ಲಿಸಬಾರದು. ಬೀಡಿ ಸಿಗರೇಟು ಸೇದುವವರಿಗೆ ಈ ಹಾನಿ ಇನ್ನಷ್ಟು ಕೆಡುತ್ತದೆ.

ಹಾಗಾದರೆ ವಿಕಿರಣವನ್ನು ಯಾವಾಗ ಕೊಡಬೇಕು? ಈ ಪ್ರಶ್ನೆಗೆ 2020ರಲ್ಲಿ ಬಂದ ಉತ್ತರ ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದ್ದು. ಅದಕ್ಕೆ ಮುನ್ನ, ಅಪಾಯ ಹೆಚ್ಚಿರುವವರಿಗೆ ಶಸ್ತ್ರಚಿಕಿತ್ಸೆಯಾದ ಕೆಲವೇ ತಿಂಗಳಲ್ಲಿ, ಪಿಎಸ್‌ಎ ಏರುವ ಮೊದಲೇ ವಿಕಿರಣ ಕೊಟ್ಟುಬಿಡುವುದು ಒಳ್ಳೆಯದೆಂಬ ವಾದ ಪ್ರಬಲವಾಗಿತ್ತು. ಬ್ರಿಟನ್, ಡೆನ್ಮಾರ್ಕ್, ಕೆನಡಾ, ಐರ್ಲೆಂಡ್‌ಗಳ 1,396 ಮಂದಿಯನ್ನು ಒಳಗೊಂಡ 'ರ‍್ಯಾಡಿಕಲ್ಸ್', ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್‌ನ 'ರೇವ್ಸ್', ಫ್ರಾನ್ಸಿನ ಇನ್ನೊಂದು ಪ್ರಯೋಗ, ಮೂರೂ ಒಟ್ಟಿಗೆ ಪ್ರಕಟವಾದವು. ಒಟ್ಟು 2,153 ಮಂದಿ. ತಕ್ಷಣ ಕೊಟ್ಟರೂ, ಪಿಎಸ್‌ಎ ಮೇಲೆ ಕಣ್ಣಿಟ್ಟು ಏರಿದಾಗ ಕೊಟ್ಟರೂ ರೋಗ ಹತೋಟಿಯಲ್ಲಿ ಉಳಿಯುವ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ. 'ರ‍್ಯಾಡಿಕಲ್ಸ್'ನಲ್ಲಿ ಐದು ವರ್ಷದ ಅಂಕಿ ಶೇ 85 ಮತ್ತು ಶೇ 88. ಮೂತ್ರದ ವಿಷಯದಲ್ಲಿ ಮಾತ್ರ ವ್ಯತ್ಯಾಸ ಸ್ಪಷ್ಟವಾಗಿತ್ತು. ಅದೇ ಪ್ರಯೋಗದಲ್ಲಿ ಒಂದು ವರ್ಷದ ಹೊತ್ತಿಗೆ, ತಕ್ಷಣ ವಿಕಿರಣ ಪಡೆದವರು ತಾವೇ ಹೇಳಿಕೊಂಡ ಸೋರಿಕೆ ಹೆಚ್ಚು. ಎರಡು ವರ್ಷದೊಳಗೆ ಮೂತ್ರನಾಳ ಗಂಭೀರವಾಗಿ ಕಿರಿದಾದವರು ಶೇ 6, ಕಾದವರಲ್ಲಿ ಶೇ 4. 'ರೇವ್ಸ್'ನಲ್ಲಿ ಮಧ್ಯಮ ಅಥವಾ ಅದಕ್ಕಿಂತ ಹೆಚ್ಚಿನ ಮೂತ್ರ ಸಂಬಂಧಿ ತೊಂದರೆ ತಕ್ಷಣ ಪಡೆದವರಲ್ಲಿ ಶೇ 70, ಕಾದ ಗುಂಪಿನಲ್ಲಿ ಶೇ 54.

ಕಾಯುವುದರ ಲಾಭ ಎರಡು ಬಗೆಯದು. 'ರ‍್ಯಾಡಿಕಲ್ಸ್'ನ ಕಾದ ಗುಂಪಿನಲ್ಲಿ ಸುಮಾರು ಐದು ವರ್ಷದಲ್ಲಿ ವಿಕಿರಣ ಬೇಕಾದದ್ದು ಮೂರನೆಯ ಒಂದು ಭಾಗದಷ್ಟು ಮಂದಿಗೆ ಮಾತ್ರ. ಉಳಿದವರು ಅದರ ತಂಟೆಯೇ ಇಲ್ಲದೆ ಉಳಿದರು. ವಿಕಿರಣ ಬೇಕಾದವರಿಗೂ ಆ ವೇಳೆಗೆ ಹೊಲಿಗೆ ಮಾಗಿ, ಹೊರಬಾಗಿಲು ಬಲಗೊಂಡಿರುತ್ತದೆ. ಆದರೆ 'ಕಾಯುವುದು' ಎಂಬ ಪದವನ್ನು ನಮ್ಮವರು ತಮಗೆ ಬೇಕಾದಂತೆ ಹಿಗ್ಗಿಸಿಕೊಳ್ಳುವ ಅಪಾಯವಿದೆ. ಮೂರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಮಾಡಿಸುತ್ತ ಕಾಯುವುದು ಬೇರೆ, ಮಗಳ ಮದುವೆ ಮುಗಿಯಲಿ ಎಂದು ಕಾಯುವುದು ಬೇರೆ. ಪಿಎಸ್‌ಎ 0.5 ದಾಟುವ ಮುನ್ನ ವಿಕಿರಣ ಪಡೆದವರಿಗೆ ಗುಣವಾಗುವ ಅವಕಾಶ ಹೆಚ್ಚು. ದುಗ್ಧಗ್ರಂಥಿಗಳಿಗೆ ರೋಗ ಹರಡಿದ್ದವರು, ಗಡ್ಡೆಯ ಸ್ವಭಾವ ತೀರಾ ಉಗ್ರವಾಗಿದ್ದವರ ಲೆಕ್ಕಾಚಾರವೂ ಬೇರೆ. ಅವರಿಗೆ ಬೇಗ ಕೊಡುವುದೇ ಸೂಕ್ತವಾದೀತು. ನನ್ನ ವಾದ ಇಷ್ಟೇ: ಪಿಎಸ್‌ಎ ಅವಕಾಶ ಕೊಡುವಷ್ಟು ದಿನ ಮೂತ್ರದ ಹಿಡಿತ ಮರಳಲು ಸಮಯ ಕೊಡಬೇಕು, ಮತ್ತು ಆ ಲೆಕ್ಕವನ್ನು ರೋಗಿಯ ಎದುರಿಗೇ ಹಾಕಬೇಕು.

ದೂರದೂರಿನಿಂದ ಬರುವವರಿಗೆ ಇನ್ನೊಂದು ಸುದ್ದಿ. ಶಸ್ತ್ರಚಿಕಿತ್ಸೆಯ ನಂತರದ ವಿಕಿರಣವನ್ನು 37 ದಿನಗಳ ಬದಲು 25 ದಿನಗಳಲ್ಲಿ, ದಿನಕ್ಕೆ ತುಸು ಹೆಚ್ಚು ಪ್ರಮಾಣದಲ್ಲಿ ಕೊಟ್ಟು ನೋಡಿದ ಅಮೆರಿಕದ ಪ್ರಯೋಗವೊಂದು 2024ರಲ್ಲಿ ಪ್ರಕಟವಾಯಿತು. ಎರಡು ವರ್ಷದ ಕೊನೆಯಲ್ಲಿ ರೋಗಿಗಳೇ ವರದಿ ಮಾಡಿದ ಮೂತ್ರದ ತೊಂದರೆ ಹೆಚ್ಚಿರಲಿಲ್ಲ. ರಾಯಚೂರಿನಿಂದಲೋ ಬೀದರಿನಿಂದಲೋ ಬೆಂಗಳೂರಿಗೆ ಬಂದು ಕೊಠಡಿ ಬಾಡಿಗೆಗೆ ಹಿಡಿಯುವ ಕುಟುಂಬಕ್ಕೆ ಹನ್ನೆರಡು ದಿನದ ಉಳಿತಾಯ ಸಣ್ಣದಲ್ಲ. ಕೇಳಿ ನೋಡಬೇಕು.

ಇಲ್ಲಿ 'ಮಧ್ಯಮ' ಎಂಬ ಮಾತು ಬಂದದ್ದನ್ನು ಗಮನಿಸಿರಬಹುದು. ಅಡ್ಡಪರಿಣಾಮಗಳನ್ನು ವೈದ್ಯಲೋಕ ದರ್ಜೆಗಳಲ್ಲಿ ಅಳೆಯುತ್ತದೆ. ಕೆಮ್ಮಿದಾಗ ಅಪರೂಪಕ್ಕೆ ಸೋರಿದರೆ ಒಂದನೆಯ ದರ್ಜೆ. ತಾನಾಗಿ ಸೋರಿ ಪ್ಯಾಡ್ ಬೇಕಾದರೆ ಎರಡನೆಯದು, ಅಂದರೆ ಮಧ್ಯಮ. ಶಸ್ತ್ರಕ್ರಿಯೆ ಬೇಕಾದರೆ ಮೂರನೆಯದು. ಸಂಶೋಧನೆಗೆ ಇಂಥ ಅಳತೆಗೋಲು ಅನಿವಾರ್ಯ ಎಂಬುದನ್ನು ಒಪ್ಪುತ್ತೇನೆ. ಆದರೆ ಈ 'ಮಧ್ಯಮ'ದ ಒಳಗೆ ಏನೆಲ್ಲ ಇದೆ? ಕೆಂಪು ಬಸ್ಸಿನಲ್ಲಿ ನಾಲ್ಕು ಗಂಟೆ ಕೂರಲಾಗದು ಎಂದು ತಂಗಿಯ ಊರಿಗೆ ಹೋಗುವುದನ್ನು ಬಿಟ್ಟವನಿದ್ದಾನೆ. ಮಡಿ ಕೆಡುತ್ತದೆಂದು ಪೂಜೆಗೆ ಕೂರದವನಿದ್ದಾನೆ. ಮದುವೆ ಮನೆಯಲ್ಲಿ ಬಿಳಿ ಪಂಚೆಯ ಬದಲು ಕಪ್ಪು ಪ್ಯಾಂಟು ಹಾಕಿಕೊಂಡು ಬಾಗಿಲ ಬಳಿಯ ಕುರ್ಚಿ ಹುಡುಕುವವನಿದ್ದಾನೆ. ತನ್ನ ಮೈಯಿಂದ ವಾಸನೆ ಬರುತ್ತಿದೆಯೇ ಎಂದು ಹೆಂಡತಿಯನ್ನು ಕೇಳಲಾಗದೆ ಬೇರೆ ಕೋಣೆಗೆ ಹಾಸಿಗೆ ಒಯ್ದವನೂ ಇದ್ದಾನೆ. ತಪಾಸಣೆಗೆ ಹೋದಾಗ ವೈದ್ಯರು 'ಮೂತ್ರ ಸರಾಗವೇ?' ಎಂದು ಕೇಳುತ್ತಾರೆ. ನಾವು 'ಪರವಾಗಿಲ್ಲ ಸಾರ್' ಎನ್ನುತ್ತೇವೆ. ಅವರು ಬರೆದುಕೊಳ್ಳುತ್ತಾರೆ. ದಿನಕ್ಕೆ ಎಷ್ಟು ಪ್ಯಾಡ್, ರಾತ್ರಿ ಎಷ್ಟು ಸಲ, ಎಲ್ಲಿಗೆ ಹೋಗುವುದನ್ನು ಬಿಟ್ಟಿದ್ದೀರಿ ಎಂಬ ಮೂರು ಪ್ರಶ್ನೆ ಕೇಳಿದ್ದರೆ ಉತ್ತರ ಬೇರೆಯಾಗುತ್ತಿತ್ತು.

ಪರಿಹಾರಗಳಿಲ್ಲವೆಂದಲ್ಲ. ಕಟಿಯ ತಳದ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮವನ್ನು ಅಮೆರಿಕದ ಸ್ತ್ರೀರೋಗ ತಜ್ಞ ಆರ್ನಾಲ್ಡ್ ಕೆಗಲ್ 1948ರಲ್ಲಿ ಬಾಣಂತಿಯರನ್ನು ಮನಸ್ಸಿನಲ್ಲಿಟ್ಟುಕೊಂಡು ಪ್ರಚಾರಕ್ಕೆ ತಂದರು. ಗಂಡಸರಿಗೂ ಅದೇ ಮದ್ದು. ವಾಯು ತಡೆಯುವಾಗ ಯಾವ ಸ್ನಾಯು ಬಿಗಿಯುತ್ತೇವೋ ಅದನ್ನು ಬಿಗಿದು, ಮೇಲಕ್ಕೆಳೆದು, ಕೆಲ ಕ್ಷಣ ಹಿಡಿದು, ಪೂರ್ತಿ ಸಡಿಲಿಸಬೇಕು. ಹೊಟ್ಟೆ ಬಿಗಿಯಬಾರದು, ಉಸಿರು ಕಟ್ಟಬಾರದು. ಶಸ್ತ್ರಚಿಕಿತ್ಸೆಗೆ ಮುನ್ನವೇ ಕಲಿತು, ವಿಕಿರಣದ ದಿನಗಳಲ್ಲೂ ಬಿಡದೆ ಮಾಡುವುದು ಒಳ್ಳೆಯದು. ಇದನ್ನು ಕೈಹಿಡಿದು ಕಲಿಸುವ ಫಿಸಿಯೋಥೆರಪಿ ತಜ್ಞರು ನಮ್ಮಲ್ಲಿ ಕಡಿಮೆ. ಇರುವವರ ಬಳಿಗೆ ಗಂಡಸರನ್ನು ಕಳಿಸುವ ರೂಢಿ ಅದಕ್ಕಿಂತ ಕಡಿಮೆ. ಅವಸರಕ್ಕೆ ಮಾತ್ರೆಗಳಿವೆ, ಆದರೆ ಹಳೆಯ ಬಗೆಯವು ವಯಸ್ಸಾದವರಲ್ಲಿ ಬಾಯೊಣಗುವಿಕೆ, ಮಲಬದ್ಧತೆ, ಕೆಲವೊಮ್ಮೆ ಗೊಂದಲವನ್ನು ತರುತ್ತವೆ.

ಯಾವುದಕ್ಕೂ ಜಗ್ಗದ ಸೋರಿಕೆಗೆ ಕೃತಕ ಬಂಧಕವೆಂಬ ಸಾಧನವಿದೆ. ಮೂತ್ರನಾಳದ ಸುತ್ತ ದ್ರವ ತುಂಬಿದ ಪಟ್ಟಿ, ವೃಷಣಚೀಲದಲ್ಲಿ ಪುಟ್ಟ ಪಂಪು, ಹೊಟ್ಟೆಯೊಳಗೆ ಬಲೂನು. ಪಂಪನ್ನು ಒತ್ತಿದರೆ ಪಟ್ಟಿ ಸಡಿಲಗೊಂಡು ಮೂತ್ರ ಹೋಗುತ್ತದೆ, ಕೆಲವು ನಿಮಿಷಗಳಲ್ಲಿ ತಾನಾಗಿ ಬಿಗಿಯುತ್ತದೆ. 1970ರ ದಶಕದಲ್ಲಿ ರೂಪುಗೊಂಡ ಈ ಸರಳ ಜಲಯಂತ್ರ ಎಷ್ಟೋ ಜನರಿಗೆ ಬದುಕನ್ನು ಮರಳಿ ಕೊಟ್ಟಿದೆ. ವಿಕಿರಣ ಬಿದ್ದ ನಾಳದಲ್ಲಿ ಪಟ್ಟಿ ಕೊರೆಯುವ, ಸೋಂಕು ತಗಲುವ ಅಪಾಯ ಹೆಚ್ಚು. ಆದರೂ ಅವರಿಗೂ ಇದು ನಿಷಿದ್ಧವಲ್ಲ. ಬೆಲೆ ಮಾತ್ರ ಮಧ್ಯಮ ವರ್ಗದ ನಿವೃತ್ತನ ಎದೆ ನಡುಗಿಸುವಂಥದ್ದು. ವಿಕಿರಣದಿಂದ ಕೆಟ್ಟ ಮೂತ್ರಕೋಶಕ್ಕೆ ಹೆಚ್ಚಿನ ಒತ್ತಡದ ಕೋಣೆಯಲ್ಲಿ ಕೂರಿಸಿ ಶುದ್ಧ ಆಮ್ಲಜನಕ ಕೊಡುವ ಚಿಕಿತ್ಸೆಯೂ ಇದೆ. 2019ರಲ್ಲಿ ಪ್ರಕಟವಾದ ನಾರ್ಡಿಕ್ ದೇಶಗಳ ಅಧ್ಯಯನದಲ್ಲಿ ಮೂವತ್ತು ನಲವತ್ತು ಸರದಿಗಳ ನಂತರ ರೋಗಿಗಳ ಕಷ್ಟ ಗಣನೀಯವಾಗಿ ತಗ್ಗಿತ್ತು. ಅಧ್ಯಯನ ಸಣ್ಣದು, ಸೌಲಭ್ಯ ವಿರಳ.

ಇದನ್ನೆಲ್ಲ ಓದಿ ಯಾರಾದರೂ 'ಹಾಗಾದರೆ ವಿಕಿರಣವೇ ಬೇಡ' ಎಂದುಕೊಂಡರೆ ನನ್ನ ಉದ್ದೇಶ ವ್ಯರ್ಥ. ಮರಳಿದ ಕ್ಯಾನ್ಸರನ್ನು ಬಿಟ್ಟರೆ ಅದು ಮೂಳೆಗೆ ಹೋಗಬಹುದು. ಮೂತ್ರಕೋಶದ ಬಾಯಲ್ಲೇ ಬೆಳೆದು ವಿಕಿರಣಕ್ಕಿಂತ ಕಠಿಣವಾದ ಮೂತ್ರದ ಕಷ್ಟವನ್ನೂ ಕೊಡಬಹುದು. ನನ್ನ ಪಿಎಸ್‌ಎ ಈಗ ಅಳತೆಗೆ ಸಿಗದಷ್ಟು ಕೆಳಗಿದೆ. ದಿನಕ್ಕೆ ಎರಡು ಪ್ಯಾಡ್ ಬೇಕು. ಇದು ಒಪ್ಪಬಹುದಾದ ವಿನಿಮಯವೆಂದೇ ನನ್ನ ಭಾವನೆ. ಆದರೆ ವಿನಿಮಯದ ಎರಡೂ ಪಾಲು ಮೊದಲೇ ತಿಳಿದಿರಬೇಕಾದದ್ದು ರೋಗಿಯ ಹಕ್ಕು. ಹೇಳಿದರೆ ಹೆದರಿ ಓಡುತ್ತಾರೆ ಎಂಬುದು ಕೆಲವು ವೈದ್ಯರ ಅಳುಕು. ಓಡುವವರು ಹೆಚ್ಚಾಗಿ ಹೇಳದೆ ಮುಚ್ಚಿಟ್ಟಾಗ. ಮೂರನೆಯ ವಾರ ಉರಿ ಶುರುವಾದೊಡನೆ 'ಏನೋ ಎಡವಟ್ಟಾಗಿದೆ' ಎಂದು ಹೆದರಿ ಚಿಕಿತ್ಸೆಯನ್ನು ಅರ್ಧಕ್ಕೆ ನಿಲ್ಲಿಸಿ ಊರಿಗೆ ಹೋದ ಒಬ್ಬರನ್ನು ಅದೇ ಬೆಂಚಿನ ಮೇಲೆ ಕಂಡಿದ್ದೇನೆ. ಆ ಉರಿ ಬರುತ್ತದೆ, ಹೋಗುತ್ತದೆ ಎಂದು ಅವರಿಗೆ ಕನ್ನಡದಲ್ಲಿ ಎರಡು ಸಾಲು ಬರೆದುಕೊಟ್ಟಿದ್ದರೆ ಸಾಕಿತ್ತು.

ಬೆಂಗಳೂರಿನ ಕ್ಯಾನ್ಸರ್ ನೋಂದಣಿ 1982ರಿಂದ ನಡೆದುಬಂದಿದೆ. ಇಲ್ಲಿನ ಗಂಡಸರನ್ನು ಕಾಡುವ ಕ್ಯಾನ್ಸರುಗಳ ಮುಂದಿನ ಸಾಲಿನಲ್ಲಿ ಪ್ರಾಸ್ಟೇಟ್ ಇದೆ. ಜಗತ್ತಿನಲ್ಲಿ 2020ರಲ್ಲಿ 14 ಲಕ್ಷವಿದ್ದ ವಾರ್ಷಿಕ ಹೊಸ ಪ್ರಕರಣಗಳು 2040ಕ್ಕೆ 29 ಲಕ್ಷವಾಗುತ್ತವೆಂದು 'ಲ್ಯಾನ್ಸೆಟ್' ಆಯೋಗ 2024ರಲ್ಲಿ ಅಂದಾಜು ಮಾಡಿತು. ಆಯುಷ್ಯ ಹೆಚ್ಚುತ್ತಿರುವ ನಮ್ಮಲ್ಲಿ ಪ್ಯಾಡ್ ತೊಟ್ಟ ಗಂಡಸರ ಸಂಖ್ಯೆಯೂ ಹೆಚ್ಚಲಿದೆ. ಅವರಿಗೆ ಊರು ಸಿದ್ಧವಾಗಿದೆಯೇ? ಸ್ಯಾನಿಟರಿ ನ್ಯಾಪ್ಕಿನ್ ಮೇಲಿನ ಜಿಎಸ್‌ಟಿ 2018ರಲ್ಲಿ ರದ್ದಾಯಿತು. ಡೈಪರ್ ಮೇಲಿನ ತೆರಿಗೆ ಶೇ 12ರಿಂದ ಶೇ 5ಕ್ಕೆ ಇಳಿಯಲು 2025ರ ಸೆಪ್ಟೆಂಬರ್ ಬರಬೇಕಾಯಿತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವರ್ಗಗಳಲ್ಲಿ ಮೂತ್ರದ ಹಿಡಿತವಿಲ್ಲದಿರುವುದು ಒಂದಲ್ಲ. ಔಷಧದ ಅಂಗಡಿಯಲ್ಲಿ ಗಂಡಸು ಡೈಪರ್ ಕೇಳುವಾಗ 'ನಮ್ಮ ತಾಯಿಗೆ' ಎಂದು ಸೇರಿಸುತ್ತಾನೆ. ಅಂಗಡಿಯವನು ಹಳೆಯ ದಿನಪತ್ರಿಕೆಯಲ್ಲಿ ಸುತ್ತಿ ಕೊಡುತ್ತಾನೆ.

ಇನ್ನು, ಬಳಸಿದ ಪ್ಯಾಡನ್ನು ಎಸೆಯುವುದೆಲ್ಲಿ? ನಮ್ಮ ಬಸ್ ನಿಲ್ದಾಣ, ರೈಲು ನಿಲ್ದಾಣ, ಕಲ್ಯಾಣ ಮಂಟಪ, ಕಚೇರಿಗಳ ಗಂಡಸರ ಶೌಚಾಲಯದಲ್ಲಿ ಮುಚ್ಚಳವಿರುವ ಒಂದು ಕಸದ ಬುಟ್ಟಿ ಕಾಣುವುದು ಅಪರೂಪ. ಗಂಡಸಿಗೆ ಅದು ಬೇಕಾದೀತೆಂಬ ಕಲ್ಪನೆಯೇ ಕಟ್ಟಿದವರಿಗಿಲ್ಲ. ಬ್ರಿಟನ್ನಿನ 'ಪ್ರಾಸ್ಟೇಟ್ ಕ್ಯಾನ್ಸರ್ ಯುಕೆ' ಸಂಸ್ಥೆ ಇದಕ್ಕಾಗಿಯೇ ಒಂದು ಅಭಿಯಾನ ನಡೆಸಿದೆ. ನಮ್ಮ ನಗರಾಡಳಿತಗಳು ಎಂದು ಯೋಚಿಸುತ್ತವೋ ತಿಳಿಯದು. ಅಷ್ಟರಲ್ಲಿ ಆಸ್ಪತ್ರೆಗಳಾದರೂ ವಿಕಿರಣ ವಿಭಾಗದ ಹೊರಗಿನ ಗಂಡಸರ ಶೌಚಾಲಯದಲ್ಲಿ ಒಂದೊಂದು ಬುಟ್ಟಿ ಇಡಬಹುದು. ನನಗೆ ಚಿಕಿತ್ಸೆಯಾದ ಆಸ್ಪತ್ರೆಯಲ್ಲಿ ಅದಿರಲಿಲ್ಲ. ಮೂವತ್ತಮೂರು ದಿನವೂ ಒದ್ದೆ ಪ್ಯಾಡನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಊಟದ ಡಬ್ಬಿಯ ಪಕ್ಕದಲ್ಲಿಟ್ಟುಕೊಂಡು, ಸಿಟಿ ಬಸ್ಸಿನಲ್ಲಿ ಮನೆಗೆ ತಂದು ಎಸೆದಿದ್ದೇನೆ.